ಎದುರು ತಂಡಕ್ಕೆ ಮೊದಲು ನೀರು

ಆಸ್ಟ್ರೇಲಿಯಾಕ್ಕೆ ಹೋಗಿ ಏನೇನು ನೋಡಿಕೊಂಡು ಬಂದಿರಿ ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ ಮಾತು: ನೀರು ಬಡಿಸಿ ಬಂದೆ. ಕೇಳಿದವರು ನಗುತ್ತಾರೆ. ಕಾಂಗರೂ ನೋಡಲಿಲ್ಲವೇ ಅನ್ನುತ್ತಾರೆ. ನೋಡಿದೆ. ರಸ್ತೆ ಬದಿಯಲ್ಲಿ ನಿಂತಿತ್ತು. ನಾನು ಅದನ್ನು ನೋಡಿದೆ, ಅದು ನಮ್ಮ ಕಾರನ್ನು ನೋಡಿತು, ಅಲ್ಲಿಗೆ ಮುಗಿಯಿತು. ನೀರಿನ ಕಥೆ ಹಾಗೆ ಮುಗಿಯುವಂಥದ್ದಲ್ಲ.

ಮೈಸೂರಿನಲ್ಲಿ ನಾನು ಮದುವೆ ಅಡುಗೆಯ ಕಾಂಟ್ರಾಕ್ಟ್ ಹಿಡಿಯುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಛತ್ರಗಳಲ್ಲಿ ಊಟದ ಪಂಕ್ತಿಗೆ ನೀರು ಬಡಿಸುವ ಕೆಲಸದಿಂದ ಶುರು ಮಾಡಿದೆ. ಈಗ ಪಾತ್ರೆ ನನ್ನದೇ, ಒಲೆ ನನ್ನದೇ, ಕೈಕೆಳಗೆ ಹತ್ತಾರು ಜನ. ಇದನ್ನು ಜಂಬದಿಂದಲೇ ಹೇಳುತ್ತೇನೆ. ದುಡಿದು ಗಳಿಸಿದ ಜಂಬ. ಕೆಲಸ ಕಲಿಸಿದ ಹಿರಿಯ ಭಟ್ಟರು ಮೊದಲ ದಿನವೇ ಒಂದು ಮಾತು ಹೇಳಿದ್ದರು: ಹೆಣ್ಣಿನ ಕಡೆಯವರು ಕರೆದವರು, ಗಂಡಿನ ಕಡೆಯವರು ಬಂದವರು. ಬಂದವರ ಎಲೆಗೆ ಮೊದಲು, ಬಂದವರ ಲೋಟಕ್ಕೆ ಮೊದಲು. ಬೀಗರ ಸಾಲಿನಲ್ಲಿ ಒಂದು ಲೋಟ ಖಾಲಿ ಉಳಿದರೂ ಆ ಮದುವೆಯ ಮಾತು ವರ್ಷಗಟ್ಟಲೆ ನಿಲ್ಲುವುದಿಲ್ಲ. ಈ ಮಾತು ನನ್ನ ಕೈಕಾಲಿಗೆ ಇಳಿದುಬಿಟ್ಟಿದೆ. ಅದು ಎಷ್ಟು ಇಳಿದಿದೆ ಎಂದು ಗೊತ್ತಾಗಲು ಸಮುದ್ರ ದಾಟಬೇಕಾಯಿತು.

ಆಷಾಢದಲ್ಲಿ ಮದುವೆಯಿಲ್ಲ, ನಮಗೆ ಕೆಲಸವಿಲ್ಲ. ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತ ಕೂರುವ ಬದಲು ಈ ಸಲ ಹೊರಟೇಬಿಟ್ಟೆ. ಪರ್ತ್‌ನಲ್ಲಿ ನನ್ನ ಹೆಂಡತಿ ಜಯಳ ತಮ್ಮ ಮಹೇಶನ ಸಂಸಾರ. ಬ್ರಿಸ್ಬೇನ್‌ನಲ್ಲಿ ನನ್ನ ಒಬ್ಬಳೇ ಮಗಳು ಭೂಮಿಕಾಳ ಓದು. ಜಯಳಿಗೆ ಮಂಡಿನೋವು, ಅಷ್ಟು ಹೊತ್ತು ಕಾಲು ಮಡಚಿ ಕೂರಲಾರೆ ಎಂದು ಉಳಿದಳು. ತನ್ನ ಬದಲು ಚಟ್ನಿಪುಡಿ ಕಳಿಸಿದಳು.

ಪರ್ತ್: ಫ್ರಿಜ್ಜಿನ ಬಾಗಿಲು

ವಿಮಾನ ಇಳಿದ ಮೇಲೆ ಮೊದಲ ಪರೀಕ್ಷೆ ನಡೆದದ್ದು ಆ ಚಟ್ನಿಪುಡಿಗೆ. ಸಮವಸ್ತ್ರದ ಹೆಂಗಸೊಬ್ಬಳು ಪೊಟ್ಟಣ ಎತ್ತಿ ಬೆಳಕಿಗೆ ಹಿಡಿದು, ಇದೇನು ಎಂದು ಕೇಳಿದಳು. ನನ್ನ ಇಂಗ್ಲಿಷ್ 'ಯೆಸ್ ಮೇಡಂ' ದಾಟಿ ಹೆಚ್ಚು ದೂರ ಹೋಗುವುದಿಲ್ಲ. ಎಡಗೈಯನ್ನೇ ತಟ್ಟೆ ಮಾಡಿಕೊಂಡು, ಬಲಗೈಯಲ್ಲಿ ಇಲ್ಲದ ದೋಸೆ ಮುರಿದು, ಪುಡಿಯಲ್ಲಿ ಅದ್ದಿ, ಬಾಯಿಗಿಟ್ಟು ಕಣ್ಣು ಮುಚ್ಚಿ ತೋರಿಸಿದೆ. ಅವಳು ಮೂಸಿ ನೋಡಿದಳು. ಎರಡು ಸಲ ಸೀನಿದಳು. ಹೋಗಿ ಮಾರಾಯರೇ ಎಂಬಂತೆ ಕೈ ಬೀಸಿದಳು. ಜಯಳ ಕೈರುಚಿ ಪಾಸಾಯಿತು.

ಮಹೇಶ ಗಣಿ ಕಂಪನಿಯಲ್ಲಿ ಭೂವಿಜ್ಞಾನಿ. ಎರಡು ವಾರ ದೂರದ ಮರುಭೂಮಿಯಲ್ಲಿ, ಒಂದು ವಾರ ಮನೆಯಲ್ಲಿ. ನಾನು ಹೋದದ್ದು ಅವನ ಮನೆಯ ವಾರಕ್ಕೆ. ಊರಿನ ಅಂಚಿಗೆ ಸ್ವಾನ್ ವ್ಯಾಲಿ ಎಂದಿದೆ, ದ್ರಾಕ್ಷಿ ತೋಟಗಳ ಸೀಮೆ. ಅಲ್ಲಿಗೆ ಕಾರಿನಲ್ಲಿ ಕರೆದುಕೊಂಡು ಹೋದ. ಚಳಿಗಾಲವಾದ್ದರಿಂದ ದ್ರಾಕ್ಷಿಯಿಲ್ಲ, ಎಲೆಯಿಲ್ಲ, ತಂತಿಗೆ ಕಟ್ಟಿದ ಒಣ ಕಡ್ಡಿಗಳು ಸಾಲಾಗಿ ನಿಂತಿದ್ದವು. ಇದನ್ನು ನೋಡಲು ಇಷ್ಟು ಪೆಟ್ರೋಲೇ ಎಂದುಕೊಂಡೆ, ಬಾಯಿ ಬಿಡಲಿಲ್ಲ. ಒಂದು ತೋಟದಲ್ಲಿ ಮಾತ್ರ ಕಿತ್ತಳೆ ಜೋತಾಡುತ್ತಿತ್ತು. ಮಗಳಿಗೆಂದು ಒಂದು ಚೀಲ ತುಂಬಿಸಿಕೊಂಡೆ.

ವಾಪಸು ಬರುವಾಗ ಒಂದು ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಮುಂದಿನ ಕಾರು ಅಲ್ಲಾಡಲಿಲ್ಲ. ಮಹೇಶ ಬಸವಣ್ಣನ ಹಾಗೆ ಸುಮ್ಮನೆ ಕೂತಿದ್ದ. ನಾನು ಪಕ್ಕದ ಸೀಟಿನಿಂದಲೇ ಕೈ ಚಾಚಿ ಹಾರ್ನ್ ಒತ್ತಿದೆ. ಚೆನ್ನಾಗಿಯೇ ಒತ್ತಿದೆ.

"ಅಯ್ಯೋ ಭಾವ! ಏನ್ ಮಾಡ್ಬಿಟ್ರಿ!"

"ಹಸಿರು ಬಿತ್ತು ಕಣಪ್ಪ. ಅವನು ನಿದ್ದೆ ಮಾಡ್ತಾವ್ನೆ."

"ಇಲ್ಲಿ ಹಾರ್ನ್ ಹೊಡೆದ್ರೆ ಬೈದ ಹಾಗೆ ಭಾವ. ಅಪ್ಪ ಅಮ್ಮನ್ನೂ ಸೇರಿಸಿ ಬೈದ ಹಾಗೆ."

ಮುಂದಿನ ಕಾರಿನವನು ತಿರುಗಿ ನೋಡಿದ. ಮಹೇಶ ಎರಡೂ ಕೈ ಎತ್ತಿ, ಕಣ್ಣಲ್ಲೇ ನನ್ನತ್ತ ತೋರಿಸಿ ಕ್ಷಮೆ ಕೇಳಿದ. ನಮ್ಮೂರಿನಲ್ಲಿ ಹಾರ್ನ್ ಎಂದರೆ ಬೈಗುಳವಲ್ಲ. ನಾನೂ ಇದ್ದೇನೆ ಎಂದು ಹೇಳಿಕೊಳ್ಳುವುದು ಅಷ್ಟೆ. ಆಮೇಲೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಮನೆಗೆ ಬಂದು ನೀರು ಕುಡಿಯೋಣವೆಂದು ಫ್ರಿಜ್ಜಿನ ಹತ್ತಿರ ಹೋದೆ. ಬಾಗಿಲ ಮೇಲೆ ಒಂದು ಫೋಟೊ ಅಂಟಿಸಿದ್ದರು. ಚಡ್ಡಿ, ತೋಳಿಲ್ಲದ ಬನಿಯನ್ನು, ಮೈತುಂಬ ಕೆಸರು ಮಾಡಿಕೊಂಡ ಹುಡುಗಿಯರ ಸಾಲು. ನಡುವೆ ಒಬ್ಬಳಿಗೆ ಬಲಗೈಯನ್ನು ಕತ್ತಿಗೆ ಬಟ್ಟೆ ಕಟ್ಟಿ ತೂಗುಹಾಕಿದೆ. ಎಡಗಂಕುಳಲ್ಲಿ ಮೊಟ್ಟೆಯಾಕಾರದ ಚೆಂಡು. ಹಲ್ಲು ಕಾಣುವ ಹಾಗೆ ನಗುತ್ತಿದ್ದಾಳೆ. ಆ ಹಲ್ಲು ನನಗೆ ಗೊತ್ತು, ಹುಟ್ಟುತ್ತಿದ್ದಾಗಲೇ ಎಣಿಸಿದ್ದೆ.

ಮಹೇಶನ ಹೆಂಡತಿ ಸ್ಮಿತಾ ಒಲೆಯ ಮುಂದೆ ಇದ್ದಳು. ನನ್ನ ಕಣ್ಣು ಎಲ್ಲಿದೆ ಎಂದು ನೋಡಿ ಸೌಟು ಕೆಳಗಿಟ್ಟಳು.

"ಅಣ್ಣಾ, ಅದು... ಅವಳೇ ಹೇಳ್ತೀನಿ ಅಂದಿದ್ಲು."

"ಏನಾಗಿತ್ತಮ್ಮ ಕೈಗೆ?"

"ಕಾಲರ್ ಬೋನ್ ಮುರಿದಿತ್ತು. ಹೋದ್ವರ್ಷ. ಈಗ ಪೂರ್ತಿ ಸರಿಹೋಗಿದೆ ಅಣ್ಣಾ. ಈ ವಾರದಿಂದ ಮತ್ತೆ ಆಡ್ತಾಳಂತೆ."

ಮತ್ತೆ ಆಡುತ್ತಾಳಂತೆ! ನಾನು ಅವಳನ್ನು ಕಳಿಸಿದ್ದು ಆಹಾರ ವಿಜ್ಞಾನ ಓದಲಿಕ್ಕೆ. ಇಲ್ಲಿ ಅವಳು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಸೇರಿದ್ದಾಳೆ. ಅದೂ ನಾವು ಟಿ.ವಿ.ಯಲ್ಲಿ ನೋಡುವ ಫುಟ್‌ಬಾಲ್ ಅಲ್ಲ. ಈ ದೇಶದವರದೇ ಆದ, ಕೈಯಲ್ಲಿ ಹಿಡಿದು, ಕಾಲಲ್ಲಿ ಒದ್ದು, ಒಬ್ಬರನ್ನೊಬ್ಬರು ಕೆಡವಿ ಆಡುವ ಆಟ. ಸೋದರಮಾವನಿಗೆ ಗೊತ್ತು, ಅತ್ತೆಗೆ ಗೊತ್ತು, ಫ್ರಿಜ್ಜಿಗೂ ಗೊತ್ತು. ಹೆತ್ತವರಿಗೆ ಗೊತ್ತಿಲ್ಲ.

ಜಯಳಿಗೆ ಫೋನ್ ಮಾಡಿ ಹೇಳಿದೆ. 

"ಮೂಳೆ ಮುರ್ಕೊಂಡು ಆಡೋವಂಥ ಆಟ ಯಾಕ್ರೀ ಬೇಕು ಅವಳಿಗೆ? ಬಿಡಿಸ್ಕೊಂಡೇ ಬನ್ನಿ. ಬಿಡಿಸ್ದೆ ಬರೋದಾದ್ರೆ ನೀವೂ ಅಲ್ಲೇ ಇರಿ."

ಆಮೇಲೆ ಮಗಳಿಗೆ ಮಾಡಿದೆ. ಕೂಗಾಡಬೇಕೆಂದೇ ಮಾಡಿದ್ದು. ಅವಳು ಕೂಗಾಡಲು ಬಿಡಲಿಲ್ಲ.

"ಅಪ್ಪ, ತಪ್ಪಾಯ್ತು. ಹೇಳ್ಬೇಕಿತ್ತು. ಆದ್ರೆ ಒಂದೇ ಒಂದು ಮ್ಯಾಚ್ ನೋಡು. ಶನಿವಾರ ಆರ್ವೋ ಇದೆ, ನಮ್ಮ ಯೂನಿವರ್ಸಿಟಿ ಗ್ರೌಂಡಲ್ಲೇ."

'ಆರ್ವೋ' ಎಂದರೆ ಮಧ್ಯಾಹ್ನವಂತೆ. ಮಧ್ಯಾಹ್ನ ಎನ್ನಲಿಕ್ಕೂ ಸೋಮಾರಿತನ ಈ ದೇಶದವರಿಗೆ.

"ನೋಡಿದ್ಮೇಲೆ ನೀನು ಬಿಡು ಅಂದ್ರೆ ಬಿಟ್ಬಿಡ್ತೀನಿ. ಅಳಲ್ಲ, ಜಗಳ ಆಡಲ್ಲ."

"ಮಾತು?"

"ಮಾತು."

ನಾನು ಮಾತಿನ ಮೇಲೆ ಬದುಕು ಕಟ್ಟಿದವನು. ಅವಳು ನನ್ನ ಮಗಳು. ಹಾಗಾಗಿ ವಿಷಯ ನನ್ನ ಕೊರಳಿಗೇ ಬಂದು ಕೂತಿತು: ಶನಿವಾರ ಸಂಜೆ ನಾನು ಏನು ಹೇಳುತ್ತೇನೋ ಅದು.

ಅಡಿಲೇಡ್: ಕಸದ ಡಬ್ಬದ ಪಕ್ಕ ಫಲಾಹಾರ

ಬ್ರಿಸ್ಬೇನ್‌ಗೆ ಹೋಗುವ ದಾರಿಯಲ್ಲಿ ಅಡಿಲೇಡ್‌ನಲ್ಲಿ ಎರಡು ದಿನ ಇಳಿದೆ. ಅಲ್ಲಿ ನನ್ನ ಬಾಲ್ಯದ ಗೆಳೆಯ ಶ್ರೀಕಂಠ ಇದ್ದಾನೆ. ವೆಲ್ಡಿಂಗ್ ಕಲಿತವನು, ಆ ಕೆಲಸದ ಮೇಲೇ ಈ ದೇಶಕ್ಕೆ ಬಂದು ನೆಲೆನಿಂತವನು.

ವಿಮಾನ ನಿಲ್ದಾಣದ ಬಾಗಿಲಿನಲ್ಲೇ ದೊಡ್ಡ ಡಬ್ಬವೊಂದಿತ್ತು, ಮೇಲೆ ಹಣ್ಣಿನ ಚಿತ್ರ, ಚಿತ್ರಕ್ಕೆ ಅಡ್ಡಗೆರೆ. ಬೇರೆ ರಾಜ್ಯದ ಹಣ್ಣು ಇಲ್ಲಿಗೆ ತರುವ ಹಾಗಿಲ್ಲವಂತೆ. ಹಣ್ಣಿನ ಜೊತೆ ಹುಳವೂ ಬರುತ್ತದೆ ಎಂಬ ಭಯ. ಮಗಳಿಗೆಂದು ತಂದ ಒಂದು ಚೀಲ ಕಿತ್ತಳೆ! ಎಸೆಯುವುದೇ? ಊಟದ ಮನೆಯಲ್ಲಿ ಬೆಳೆದವನಿಗೆ ತಿನ್ನುವ ವಸ್ತುವನ್ನು ಡಬ್ಬಕ್ಕೆ ಹಾಕಲು ಕೈ ಬರುವುದಿಲ್ಲ. ಡಬ್ಬದ ಪಕ್ಕ ನಿಂತು ಸುಲಿದು ತಿನ್ನಲು ಶುರು ಮಾಡಿದೆ. ಸಿಪ್ಪೆ ಡಬ್ಬಕ್ಕೆ, ತೊಳೆ ಬಾಯಿಗೆ. ನಾಲ್ಕೈದು ಹಣ್ಣು ಆಗುವಷ್ಟರಲ್ಲಿ ಹೊಟ್ಟೆ ತಣ್ಣಗಾಯಿತು. ಬಿಳಿ ಗಡ್ಡದ ಒಬ್ಬ ಮುದುಕ ತನ್ನ ಸೇಬು ಎಸೆಯಲು ಬಂದವನು ನನ್ನನ್ನು ನೋಡಿ ನಿಂತ. ನಾನು ಒಂದು ಹಣ್ಣು ಚಾಚಿದೆ. ಅವನು ಸೇಬನ್ನು ಎಸೆಯಲಿಲ್ಲ, ನನ್ನ ಪಕ್ಕ ನಿಂತು ಕಚ್ಚಿದ. ಇಬ್ಬರೂ ಒಂದೂ ಮಾತಿಲ್ಲದೆ ನಿಂತು ಎಲ್ಲವನ್ನೂ ಮುಗಿಸಿದೆವು. ಕೊನೆಗೆ ಅವನು ಹೊಟ್ಟೆ ತಟ್ಟಿಕೊಂಡ. ನಾನೂ ತಟ್ಟಿಕೊಂಡೆ.

ಶ್ರೀಕಂಠನ ಮನೆ ಕಿಲ್ಬರ್ನ್‌ನಲ್ಲಿ. ಹಳೆಯ ಬಡಾವಣೆ, ಆಚೆ ಕಡೆ ಕಾರ್ಖಾನೆ ಶೆಡ್ಡುಗಳು. ಕಬ್ಬಿಣ ಕೊರೆಯುವ ವಾಸನೆ ಬರುತ್ತಿತ್ತು, ನನಗೆ ಅದು ಮೈಸೂರಿನ ಇಂಡಸ್ಟ್ರಿಯಲ್ ಸಬರ್ಬಿನ ಹಾಗೆ ಹಿತವಾಯಿತು. ವಿಷಯ ಕೇಳಿ ಅವನು ಹೇಳಿದ:

"ನೋಡೋ ನಂಜ, ಸೀದಾ ಹೋಗಿ ಮಗಳ ಆಟ ನೋಡ್ಬೇಡ. ಎದೆ ಒಡೆದುಕೊಳ್ತೀಯ. ಮೊದ್ಲು ಯಾರೋ ಗೊತ್ತಿಲ್ದಿರೋರ ಆಟ ನೋಡು."

ಹತ್ತಿರದ ಮೈದಾನಕ್ಕೆ ಕರೆದುಕೊಂಡು ಹೋದ. ಮೈದಾನ ನಮ್ಮ ದಸರಾ ವಸ್ತುಪ್ರದರ್ಶನದ ಜಾಗದಷ್ಟು ಅಗಲ, ಆಕಾರ ದುಂಡಗೆ. ಸುತ್ತಲೂ ಬೇಲಿಗೆ ಮೂತಿ ತಾಗಿಸಿ ಕಾರುಗಳು ನಿಂತಿದ್ದವು. ಜನ ಚಳಿಗೆ ಒಳಗೇ ಕೂತು ಕಂಬಳಿ ಹೊದ್ದು ನೋಡುತ್ತಿದ್ದರು. ನಾವೂ ಶ್ರೀಕಂಠನ ಕಾರಿನೊಳಗೇ ಕೂತೆವು. ಎರಡು ಕೊನೆಯಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದೊಳಗೆ ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಕಂಬದ ಸಂದಿಯಲ್ಲಿ ಹೋದರೂ ಒಂದು ಅಂಕ ಕೊಡುತ್ತಾರೆ. ಇದೊಂದು ನನಗೆ ಬಹಳ ಹಿಡಿಸಿತು. ತಪ್ಪಿದ ಪ್ರಯತ್ನಕ್ಕೂ ಒಂದು ಮರ್ಯಾದೆ.

ಮೊದಲ ಗೋಲು ಬಿತ್ತು. ಟೋಪಿಯವನೊಬ್ಬ ಎರಡು ಬಾವುಟ ಬೀಸಿದ. ಕೂಡಲೇ ಮೈದಾನದ ಸುತ್ತ ಇದ್ದ ಕಾರುಗಳೆಲ್ಲ ಹಾರ್ನ್ ಹೊಡೆಯತೊಡಗಿದವು! ಪೇ ಪೇ ಎಂದು, ಮನಸೋ ಇಚ್ಛೆ. ನಾನು ಕಂಗಾಲು.

"ಇಲ್ಲಿ ಹಾರ್ನ್ ಹೊಡೆದ್ರೆ ಬೈದ ಹಾಗೆ ಅಂತ ಮಹೇಶ ಹೇಳಿದ್ನಲ್ಲೋ?"

"ರಸ್ತೇಲಿ ಬೈಗುಳ, ಇಲ್ಲಿ ಚಪ್ಪಾಳೆ. ಹೊಡಿಯೋ, ಸುಮ್ನೆ ಯಾಕ್ ಕೂತಿದೀಯ?"

ಹೊಡೆದೆ. ಪರ್ತ್‌ನಲ್ಲಿ ತೊಡೆಯಡಿ ಇಟ್ಟ ಕೈಯ ಬಾಕಿಯನ್ನೆಲ್ಲ ತೀರಿಸಿಕೊಂಡೆ. ಎದುರು ತಂಡದವರ ಗೋಲಿಗೂ ಹೊಡೆದುಬಿಟ್ಟೆ. ಶ್ರೀಕಂಠ ಕೈ ಹಿಡಿದು ನಿಲ್ಲಿಸಿದ.

ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಒಬ್ಬ ಧಡೂತಿ ಆಟಗಾರ ಚೆಂಡಿಗೆಂದು ಮೇಲೆ ಹಾರಿದ, ಇನ್ನೊಬ್ಬ ಕೆಳಗಿನಿಂದ ಬಂದು ಡಿಕ್ಕಿ ಹೊಡೆದ. ಬಿದ್ದವನು ಏಳಲಿಲ್ಲ. ಸ್ಟ್ರೆಚರ್ ಬಂತು. ಒಂದು ಹಾರ್ನೂ ಇಲ್ಲ. ಅವನನ್ನು ಹೊತ್ತು ಆಚೆ ತರುವಾಗ ಎರಡೂ ಕಡೆಯವರು ಸಣ್ಣಗೆ ಚಪ್ಪಾಳೆ ತಟ್ಟಿದರು. ಅವನು ಮಲಗಿದಲ್ಲಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ. ನನಗೆ ಹೆಬ್ಬೆರಳು ಕಾಣಿಸಲಿಲ್ಲ. ಕತ್ತಿಗೆ ಬಟ್ಟೆ ಕಟ್ಟಿದ ಮಗಳ ಕೈ ಕಾಣಿಸಿತು.

"ಶ್ರೀಕಂಠ, ಬಿಡಿಸೋದೇ ಸರಿ," ಎಂದೆ.

ಅವನು ಹೀಟರ್ ಜಾಸ್ತಿ ಮಾಡಿದ.

ಬ್ರಿಸ್ಬೇನ್: ಬಾಡಿಗೆ ಮನೆಯ ಪಂಕ್ತಿ

ಬ್ರಿಸ್ಬೇನ್‌ನಲ್ಲಿ ಚಳಿಗಾಲವೆಂದರೆ ನಮ್ಮ ಸಂಕ್ರಾಂತಿಯ ಹೊತ್ತಿನ ಬಿಸಿಲು. ಮಗಳು ಓಡಿ ಬಂದು ತಬ್ಬಿಕೊಂಡಳು. ತಬ್ಬಿದಾಗ ನನ್ನ ಬೆರಳು ಅವಳ ಕತ್ತಿನ ಬುಡಕ್ಕೆ ಹೋಯಿತು. ಮೂಳೆ ಕೂಡಿಕೊಂಡ ಜಾಗದಲ್ಲಿ ಹುಣಸೆ ಬೀಜದಷ್ಟು ಒಂದು ಗಂಟು. ಅವಳಿಗೆ ಗೊತ್ತಾಯಿತು, ಆದರೂ ಕೈ ತೆಗೆಯಲಿಲ್ಲ.

"ನೋವಿಲ್ಲಪ್ಪ. ಒತ್ತಿ ನೋಡು ಬೇಕಾದ್ರೆ."

ಒತ್ತಲಿಲ್ಲ.

ಮೂವರು ಹುಡುಗಿಯರು ಸೇರಿ ಬಾಡಿಗೆಗಿರುವ ಮನೆ ಅದು. ಮೂವರೂ ಅದೇ ತಂಡದವರು. ಒಬ್ಬಳು ಟೆಸ್, ಎತ್ತರಕ್ಕೆ ತೆಂಗಿನ ಸಸಿಯ ಹಾಗೆ. ಇನ್ನೊಬ್ಬಳು ಮಿನ್, ಪುಟ್ಟ, ಸದಾ ಏನಾದರೂ ಮೆಲ್ಲುತ್ತಿರುವವಳು. ನನ್ನ ಮಗಳನ್ನು ಅವರು 'ಬೂಮ್' ಎಂದು ಕರೆಯುತ್ತಾರೆ. ನಾವು ಪಂಚಾಂಗ ನೋಡಿ ಇಟ್ಟ ಹೆಸರು ಗುಂಡು ಹಾರಿದ ಸದ್ದಿನಷ್ಟಕ್ಕೆ ಇಳಿದಿತ್ತು.

ಶುಕ್ರವಾರ ಅವರಿಗೆಲ್ಲ ನಾನೇ ಚಿತ್ರಾನ್ನ, ಹುಳಿ, ಕೋಸಂಬರಿ ಮಾಡಿ ನೆಲದ ಮೇಲೆ ಸಾಲಾಗಿ ಕೂರಿಸಿ ಬಡಿಸಿದೆ. ನಡುವೆ ಟೆಸ್ ಫೋನ್ ಬಂತೆಂದು ತಟ್ಟೆ ಬಿಟ್ಟು ಎದ್ದಳು.

"ಏಯ್, ಕೂತ್ಕೊಳ್ಳಮ್ಮ!" ಎಂದೆ ಕನ್ನಡದಲ್ಲೇ, ಛತ್ರದ ಗಂಟಲಿನಲ್ಲಿ. ಅವಳು ತಟ್ಟನೆ ಕೂತಳು.

ಮಗಳು ನಗುತ್ತ ಅವರಿಗೆ ವಿವರಿಸಿದಳು: ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರದೂ ಮುಗಿಯುವ ತನಕ ಒಬ್ಬರು ಎದ್ದು ಹೋಗುವ ಹಾಗಿಲ್ಲ, ಎದ್ದರೆ ಪಕ್ಕದವರಿಗೆ ಅವಮಾನ. ಟೆಸ್ ಬಹಳ ಗಂಭೀರವಾಗಿ ತಲೆಯಾಡಿಸಿ, ತನ್ನ ತಟ್ಟೆ ಖಾಲಿಯಾದ ಮೇಲೂ, ನಿಧಾನಕ್ಕೆ ತಿನ್ನುವ ಮಿನ್‌ಗಾಗಿ ಕಾದು ಕೂತಳು. ಆ ಹುಡುಗಿಯ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ಆಗಲೇ.

ಸೇಂಟ್ ಲೂಸಿಯಾ: ಶನಿವಾರ ಮಧ್ಯಾಹ್ನ

ವಿಶ್ವವಿದ್ಯಾಲಯಕ್ಕೆ ದೋಣಿಯಲ್ಲಿ ಹೋಗುತ್ತಾರೆ. ಬಸ್ಸಿನ ಹಾಗೆ ನಿಲ್ದಾಣಗಳಿರುವ ದೋಣಿ. ನದಿ ಊರಿನ ನಡುವೆ ಹಾವಿನಂತೆ ಸುತ್ತಿಕೊಂಡಿದೆ. ವಿಶ್ವವಿದ್ಯಾಲಯ ಅದರ ಒಂದು ತಿರುವಿನಲ್ಲಿ, ಸೇಂಟ್ ಲೂಸಿಯಾ ಎಂಬ ಬಡಾವಣೆಯಲ್ಲಿ ಕೂತಿದೆ. ಮೈದಾನಕ್ಕೆ ಒಂದು ಕಡೆ ಮೆಟ್ಟಿಲು ಮೆಟ್ಟಿಲಾದ ಗ್ಯಾಲರಿ, ಉಳಿದ ಕಡೆ ಹುಲ್ಲು. ಜನ ಕುರ್ಚಿಗಳನ್ನು ಮನೆಯಿಂದಲೇ ತಂದಿದ್ದರು. ನಾಯಿಗಳೂ ಬಂದಿದ್ದವು. ಒಂದು ಮೂಲೆಯಲ್ಲಿ ಕಬ್ಬಿಣದ ಕಾವಲಿಯ ಮೇಲೆ ಏನನ್ನೋ ಸುಟ್ಟು ಬ್ರೆಡ್ಡಿನಲ್ಲಿ ಮಡಚಿ ಕೊಡುತ್ತಿದ್ದರು. ಆ ಕಾವಲಿಯ ಉರಿ ಹೆಚ್ಚಾಯಿತೆಂದು ನನ್ನ ಕೈ ಕಡಿಯುತ್ತಿತ್ತು, ತಡೆದುಕೊಂಡೆ.

ನಾನು ಗ್ಯಾಲರಿಯಲ್ಲಿ ಕೂತು, ದೇವರಿಗೆ ಕೈಮುಗಿದು, ಸಂಜೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹದ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಗಳು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದಳು. ಅವರ ತರಬೇತುದಾರಳು, ಹೆಸರು ಮೆಗ್. ನರೆತ ಕೂದಲು, ಮೂಗು ಎಂದೋ ಮುರಿದು ಸೊಟ್ಟಗಾಗಿದೆ.

"ಅಪ್ಪ, ಯಾವಾಗ್ಲೂ ನೀರು ಕೊಡೋ ಅಂಕಲ್‌ಗೆ ಜ್ವರ ಅಂತೆ. ನೀನು ಕೊಡ್ತೀಯಾ ಅಂತ ಕೇಳ್ತಿದಾರೆ."

"ಎಲ್ಲಿ?"

"ಗ್ರೌಂಡ್ ಒಳಗೇ. ಆಟದ ಮಧ್ಯೆ ಓಡಿ ಬಂದು ಕೊಡ್ಬೇಕು. ಆಗ್ದಿದ್ರೆ ಬೇಡ ಬಿಡು, ಓಡ್ಬೇಕಾಗತ್ತೆ..."

"ಆಗದೆ ಏನು? ನೀರು ತಾನೆ? ಕೊಡು ಇಲ್ಲಿ."

ಮೆಗ್ ಒಂದು ಹಳದಿ ಬನಿಯನ್ನು ಕೊಟ್ಟಳು, ಎರಡು ಬುಟ್ಟಿ ಕೊಟ್ಟಳು, ತುಂಬ ನೀರಿನ ಬಾಟಲಿಗಳು. ಪ್ಯಾಂಟು ಮಡಚಿ ಕಟ್ಟಿದೆ. ಏಳನೇ ಕ್ಲಾಸು ಬಿಟ್ಟ ವರ್ಷದ ಕೆಲಸ ವಿಶ್ವವಿದ್ಯಾಲಯದ ಒಳಗೆ ಬಂದು ಮತ್ತೆ ಸಿಕ್ಕಿತಲ್ಲ ಎಂದು ನಗು ಬಂತು.

ಆಟ ಶುರುವಾಯಿತು. ನಮ್ಮವರದು ಕಡುನೀಲಿ, ಎದುರಿನವರದು ಕೆಂಪು. ಮೊದಲ ಗೋಲು ನಮ್ಮದೇ. ಗೋಲಾದ ಕೂಡಲೇ ನೀರಿನವರು ಒಳಗೆ ಹೋಗಬಹುದು ಎಂದು ಮೆಗ್ ಸನ್ನೆ ಮಾಡಿದಳು. ನಾನು ಬುಟ್ಟಿ ಎತ್ತಿಕೊಂಡು ಓಡಿದೆ. ಎಲ್ಲಿಗೆ ಓಡಿದೆ ಎಂದು ಯೋಚಿಸಲೇ ಇಲ್ಲ, ಕಾಲಿಗೆ ಗೊತ್ತಿತ್ತು. ಸೀದಾ ಕೆಂಪಿನವರ ಹತ್ತಿರ. ನಮ್ಮ ಮೈದಾನ, ಕರೆದವರು ನಾವು, ಬಂದವರು ಅವರು.

ಮೊದಲ ಕೆಂಪು ಹುಡುಗಿ, ಅಗಲ ಭುಜದವಳು, ಬಾಟಲಿ ನೋಡಿದಳು, ನನ್ನನ್ನು ನೋಡಿದಳು, ಹಿಂದೆ ಮುಂದೆ ನೋಡಿದಳು. ನಾನು ತಲೆಯಾಡಿಸಿ, ಕುಡಿ ತಾಯಿ ಎಂದೆ. ಕುಡಿದಳು. ಎರಡನೆಯವಳಿಗೂ ಕೊಟ್ಟೆ. ಮೂರನೆಯವಳು ಅನುಮಾನದಿಂದ ಬಾಟಲಿ ಮೂಸಿದಳು. ಗ್ಯಾಲರಿಯಲ್ಲಿ ನಗು ಎದ್ದಿತು. ಅಷ್ಟು ದೂರದಿಂದ ನನ್ನ ಮಗಳ ಧ್ವನಿ:

"ಅಪ್ಪಾ! ಅವ್ರಿಗಲ್ಲ, ನಮ್ಮೋರಿಗೆ!"

"ಅವ್ರು ಬಂದಿರೋರು ಕಣೇ!"

"ಇಲ್ಲಿ ಬೀಗರು ಗೀಗರು ಯಾರೂ ಇಲ್ಲಪ್ಪ! ಬಾ ಈ ಕಡೆ!"

ಅಂಪೈರ್ ಹುಡುಗಿ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ನಗು ತಡೆಯಲಾರದೆ ನಿಂತಿದ್ದಳು. ನನಗೆ ಮುಖ ಬಿಸಿಯಾಯಿತು. ಇಷ್ಟು ವರ್ಷ ನಾನು ಬಡಿಸಿದ್ದಕ್ಕೆ ಯಾರೂ ನಕ್ಕಿರಲಿಲ್ಲ. ನಮ್ಮವರಿಗೂ ಕೊಟ್ಟು ಅಂಚಿಗೆ ಬಂದು ನಿಂತೆ. ಮಗಳ ಮುಂದೆ ಮಾನ ಕಳೆದುಕೊಂಡೆನಲ್ಲ ಎಂದು ಕಣ್ಣು ಎತ್ತದೆ ಬಾಟಲಿ ತುಂಬಿಸಿದೆ.

ಎರಡನೇ ಗೋಲು ಕೆಂಪಿನವರದು. ನೀರು ಕೊಡಲು ಒಳಗೆ ಹೋದೆ. ಈ ಸಲ ನಮ್ಮವರ ಕಡೆಗೇ ಹೋದೆ. ಹೋಗಿ ನೋಡಿದರೆ ಅಲ್ಲಿ ಆಗಲೇ ಒಬ್ಬಳು ನೀರು ಕೊಡುತ್ತಿದ್ದಾಳೆ. ಕೆಂಪು ತಂಡದ ನೀರಿನವಳು, ದಪ್ಪನೆಯ ಹೆಂಗಸು, ಏದುಸಿರು ಬಿಡುತ್ತ ನನ್ನ ಮಗಳ ಬಾಯಿಗೆ ಬಾಟಲಿ ಹಿಡಿದಿದ್ದಳು. ನನ್ನನ್ನು ನೋಡಿ ಕಣ್ಣು ಹೊಡೆದಳು. ಆಮೇಲೆ ಅಂದು ಪೂರ್ತಿ ನಮ್ಮಿಬ್ಬರದೂ ಅದೇ ಲೆಕ್ಕ: ಅವಳು ನಮ್ಮವರಿಗೆ ಮೊದಲು, ನಾನು ಅವರ ಕಡೆಯವರಿಗೆ ಮೊದಲು. ಯಾರೂ ಬೇಡವೆನ್ನಲಿಲ್ಲ.

ಬಿಡುವಿನಲ್ಲಿ ಇನ್ನೊಂದು ವಿಚಿತ್ರ. ನೋಡಲು ಬಂದ ಜನರೆಲ್ಲ ಎದ್ದು ಮೈದಾನದೊಳಗೇ ನಡೆದು ಬಂದು, ಆಟಗಾರ್ತಿಯರ ಸುತ್ತ ನಿಂತು, ತರಬೇತುದಾರಳ ಮಾತು ಕೇಳಿದರು. ಹೆಣ್ಣಿನ ಕಡೆಯವರು ಅಡುಗೆಮನೆಗೇ ಬಂದು ಒಲೆಯ ಸುತ್ತ ನಿಂತ ಹಾಗೆ. ಅಪ್ಪಂದಿರು, ಅಮ್ಮಂದಿರು, ನಾಯಿಗಳು. ಕತ್ತರಿಸಿದ ಕಿತ್ತಳೆ ಹೋಳುಗಳ ತಟ್ಟೆ ಸುತ್ತಿ ಬಂತು. ಅಡಿಲೇಡ್‌ನಲ್ಲಿ ಹೊಟ್ಟೆಗೆ ಹಾಕಿಕೊಂಡ ಮಗಳ ಪಾಲಿನ ಕಿತ್ತಳೆ ಅವಳಿಗೆ ಕೊನೆಗೂ ಸಿಕ್ಕಿತು. ಬಾಯಿತುಂಬ ಹೋಳು ಇಟ್ಟುಕೊಂಡು ನನ್ನ ಕಡೆ ನೋಡಿ ಕಿಸಿದಳು. ಫೋಟೊದಲ್ಲಿದ್ದ ನಗು ಅದು. ನಾನು ಬೇರೆ ಕಡೆ ತಿರುಗಿಕೊಂಡೆ. ಸಂಜೆ ಹೇಳಬೇಕಾದ ಮಾತು ಇನ್ನೂ ಗಂಟಲಲ್ಲೇ ಇತ್ತು.

ಬಿಡುವಾದ ಮೇಲೆ ಆಟ ಬಿಗಿಯಾಯಿತು. ನಾನು ಅಂಚಿನಲ್ಲೇ ನಿಂತಿದ್ದೆ. ಚೆಂಡು ಎತ್ತರಕ್ಕೆ ಹಾರಿ ಇಳಿಯುತ್ತಿತ್ತು. ಭೂಮಿಕಾ ಅದರ ಕೆಳಗೆ ಓಡಿಬಂದು ಹಾರಿದಳು. ಅವಳು ಹಾಗೆ ಹಾರಬಲ್ಲಳು ಎಂದು ನನಗೆ ಗೊತ್ತೇ ಇರಲಿಲ್ಲ. ಚೆಂಡು ಕೈಗೆ ಸಿಕ್ಕಿತು. ಅದೇ ಹೊತ್ತಿಗೆ ಆ ಅಗಲ ಭುಜದ ಕೆಂಪು ಹುಡುಗಿ ಬಂದು ಡಿಕ್ಕಿಯಾದಳು. ನನ್ನ ಮಗಳು ಬಲಭುಜದ ಮೇಲೆ ಬಿದ್ದಳು. ಧಪ್ ಎಂದ ಸದ್ದು ನನಗೆ ಕೇಳಿಸಿತು.

ಅವಳು ಏಳಲಿಲ್ಲ.

ನಾನು ಓಡಿದೆ. ಒಂದು ಬುಟ್ಟಿ ಎಲ್ಲೋ ಬಿತ್ತು. ಹತ್ತಿರ ಹೋಗುವಷ್ಟರಲ್ಲಿ ತಂಡದ ಡಾಕ್ಟರಂತಿದ್ದ ಒಬ್ಬಳು ಮಂಡಿಯೂರಿ ಕೂತು, ತಡೆಯಿರಿ ಎಂದು ನನ್ನತ್ತ ಅಂಗೈ ಎತ್ತಿ ತೋರಿಸಿದಳು. ಎರಡು ಹೆಜ್ಜೆ ದೂರದಲ್ಲಿ ನಿಂತುಬಿಟ್ಟೆ. ಮಗಳ ಮುಖ ಹುಲ್ಲಿನಲ್ಲಿತ್ತು. ಜಯಳಿಗೆ ಏನು ಹೇಳಲಿ? ಕೈಯಲ್ಲಿ ಬಾಟಲಿ ಇತ್ತು, ಅದರಿಂದ ನೀರು ಚೆಲ್ಲುತ್ತಿತ್ತು. ನೀರು ಬಡಿಸಿದ ಬದುಕಿನಲ್ಲಿ ನಾನು ಹನಿ ಚೆಲ್ಲಿದವನಲ್ಲ.

ಡಿಕ್ಕಿ ಹೊಡೆದ ಹುಡುಗಿ ಅಲ್ಲೇ ಮಂಡಿಯೂರಿದ್ದಳು. ಅವಳು ತಿರುಗಿ ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ನನ್ನ ಮಗಳ ತಲೆ ಎತ್ತಿ, ನೀರು ಕುಡಿಸಿದಳು.

ಮಗಳು ಕೆಮ್ಮಿದಳು. ಏನೋ ಅಂದಳು. ಆ ಹುಡುಗಿ ಗೊಳ್ಳನೆ ನಕ್ಕಳು. ಡಾಕ್ಟರಂತಿದ್ದವಳು ಭುಜ ಒತ್ತಿದಳು, ಕೈ ಎತ್ತಿಸಿದಳು, ತಿರುಗಿಸಿದಳು, ಗಂಟಿನ ಮೇಲೆ ಬೆರಳಿಟ್ಟಳು. ಆಮೇಲೆ ಮೆಗ್‌ಗೆ ಹೆಬ್ಬೆರಳು ತೋರಿಸಿದಳು.

"ಉಸಿರು ಸಿಕ್ಕಾಕ್ಕೊಂಡಿತ್ತು ಅಪ್ಪ, ಅಷ್ಟೆ. ಭುಜ ಏನೂ ಆಗಿಲ್ಲ. ನೋಡು." ಕೈಯನ್ನು ಗಿರಗಿರ ತಿರುಗಿಸಿ ತೋರಿಸಿದಳು.

ನನ್ನ ಎದೆಯ ಮೇಲಿಂದ ಅಕ್ಕಿ ಮೂಟೆ ಇಳಿಸಿದ ಹಾಗಾಯಿತು. 

ಆದರೆ ಎದ್ದವಳು ಆಟಕ್ಕೆ ಓಡಲಿಲ್ಲ. ನನ್ನನ್ನೇ ನೋಡುತ್ತ ನಿಂತಳು. ಮೆಗ್, ಟೆಸ್, ಆ ಕೆಂಪು ಹುಡುಗಿ, ಎಲ್ಲರೂ ಯಾಕೆ ನಿಂತಿದ್ದಾಳೆಂದು ನೋಡಿದರು.

"ಆಡ್ಲಾ ಅಪ್ಪ?"

ಬೇಡ ಎಂದರೆ ಮುಗಿಯುತ್ತಿತ್ತು. ಸಂಜೆಯವರೆಗೂ ಕಾಯಬೇಕಿರಲಿಲ್ಲ. ಅವಳು ಮಾತು ಕೊಟ್ಟಿದ್ದಳು, ಅಳುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ. ಬಾಯಿ ತೆರೆದೆ. ಅವಳ ಹಿಂದೆ ಕಡುನೀಲಿಯ ಹುಡುಗಿಯರೆಲ್ಲ ತಮ್ಮ ತಮ್ಮ ಜಾಗದಲ್ಲಿ ನಿಂತು ಕಾಯುತ್ತಿದ್ದರು. ಒಂದು ಜಾಗ ಮಾತ್ರ ಖಾಲಿ.

"ಪಂಕ್ತಿ ಇನ್ನೂ ಎದ್ದಿಲ್ಲ," ಎಂದೆ. "ಮಧ್ಯದಲ್ಲಿ ಎದ್ದು ಹೋಗೋ ಹಾಗಿಲ್ಲ. ನಡಿ."

ಅವಳು ಟೆಸ್‌ಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿರಬೇಕು. ಆ ತೆಂಗಿನ ಸಸಿ ನನಗೆ ಸಲ್ಯೂಟ್ ಹೊಡೆದು ಓಡಿತು.

ವಾಪಸು ದೋಣಿಯಲ್ಲಿ

ಸೋತೆವು. ಒಂದೇ ಒಂದು ಅಂಕದಿಂದ. ಗುರಿ ತಪ್ಪಿದರೂ ಮರ್ಯಾದೆಗೆ ಕೊಡುವ ಆ ಒಂದು ಅಂಕ ಅವರಿಗೆ ಸಿಕ್ಕಿತು. ಆ ನಿಯಮವನ್ನು ಹೊಗಳಿದ್ದು ನಾನೇ ಆದ್ದರಿಂದ ಸುಮ್ಮನಿದ್ದೆ. ಕೆಂಪು ತಂಡದ ನೀರಿನವಳು ಬಂದು ಕೈಕುಲುಕಿದಳು. ನಮ್ಮಿಬ್ಬರ ಕೈಯೂ ಒದ್ದೆ.

ಸಂಜೆಯ ಬಿಸಿಲು ನದಿಯ ಮೇಲೆ ಬಿದ್ದಿತ್ತು. ದೋಣಿಯ ಮುಂಭಾಗದಲ್ಲಿ ನಾವಿಬ್ಬರೇ ಕೂತೆವು. ಅವಳ ಮಂಡಿಯಲ್ಲಿ ಹುಲ್ಲಿನ ಕಲೆ, ಕೂದಲಲ್ಲಿ ಮಣ್ಣು. ಬಾಯಿ ಬಿಟ್ಟು ಕೇಳಲಿಲ್ಲ. ಉಗುರು ಕಚ್ಚುತ್ತ ನೀರು ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಮಾರ್ಕ್ಸ್ ಕಾರ್ಡಿಗೆ ನನ್ನ ಸಹಿ ಬೇಕಾದಾಗಲೂ ಹೀಗೇ ಕೂರುತ್ತಿದ್ದಳು.

ಅಷ್ಟರಲ್ಲಿ ಜಯಳ ಫೋನು. ಊರಿನಲ್ಲಿ ಆಗ ಊಟದ ಹೊತ್ತು.

"ಬಿಡಿಸಿದ್ರಾ?"

"ಬಿಡಿಸೋಣ ಅಂತಲೇ ಹೋದೆ ಕಣೆ. ಹೋದೋನಿಗೇ ಕೆಲ್ಸ ಕೊಟ್ಟು ನಿಲ್ಲಿಸ್ಬಿಟ್ರು."

"ಏನ್ ಕೆಲ್ಸ?"

"ನೀರು ಬಡಿಸೋದು."

"ಅಲ್ಲಿಗೆ ಹೋದ್ರೂ ಅದೇನಾ!" ಎಂದಳು. ಆಮೇಲೆ ಧ್ವನಿ ಇಳಿಸಿ ಕೇಳಿದಳು: "ಬಿದ್ದಳಾ?"

ಪಕ್ಕದಲ್ಲಿ ಮಗಳು ಉಗುರು ಕಚ್ಚುವುದನ್ನು ನಿಲ್ಲಿಸಿದಳು.

"ಬಿದ್ದಳು. ಎದ್ದಳು. ಅವಳನ್ನ ಬೀಳಿಸಿದೋಳೇ ಎಬ್ಬಿಸಿ ನೀರು ಕುಡಿಸಿದ್ಲು ಜಯ. ನಾನು ಅಲ್ಲೇ ನಿಂತಿದ್ದೆ."

 ದೂರದಲ್ಲಿ ನಮ್ಮ ಅಡುಗೆಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತು.

"ಅವಳ ಪಕ್ಕದಲ್ಲೇ ಇದ್ರಲ್ಲ ನೀವು? ಸರಿ ಹಾಗಾದ್ರೆ," ಎಂದಳು ಜಯ. "ಅಲ್ಲೇ ಇರಿ ಅಂದಿದ್ದೆ ಅಂತ ನಿಜವಾಗ್ಲೂ ಅಲ್ಲೇ ಇದ್ಬಿಡ್ಬೇಡಿ. ಶ್ರಾವಣಕ್ಕೆ ಮೂರು ಮದುವೆ ಒಪ್ಕೊಂಡಿದೀವಿ."

ಫೋನ್ ಜೇಬಿಗೆ ಹಾಕಿದೆ. ದೋಣಿ ತಿರುವು ತೆಗೆದುಕೊಂಡಿತು, ಬಿಸಿಲು ನಮ್ಮ ಮುಖದಿಂದ ಬೆನ್ನಿಗೆ ಬಂತು. ಮಗಳು ಇನ್ನೂ ನನ್ನ ಮಾತಿಗೇ ಕಾಯುತ್ತಿದ್ದಳು. ಗಂಟಲಲ್ಲಿ ಹುಡುಕಿದೆ, ಹದ ಮಾಡಿ ಇಟ್ಟಿದ್ದ ಆ ಮಾತು ಅಲ್ಲಿರಲಿಲ್ಲ.

"ಮುಂದಿನ ಶನಿವಾರ ಯಾರ ಜೊತೆ?" ಎಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. "ಬೇರೆ ಟೀಮು ಅಪ್ಪ. ನಾವೇ ಅವರ ಗ್ರೌಂಡಿಗೆ ಹೋಗ್ಬೇಕು. ಯಾಕೆ?"

"ಆ ಅಂಕಲ್‌ಗೆ ಜ್ವರ ಇನ್ನೂ ಒಂದು ವಾರ ಇರತ್ತೆ ಅಂತ ಹೇಳು ಮೆಗ್‌ಗೆ," ಎಂದೆ. "ನಾವು ಹೋಗೋದು ಅಂದ್ರೆ, ಈ ಸಲ ಗಂಡಿನ ಕಡೆಯವರು ನಾವು. ಮೊದಲು ನಮಗೆ ನೀರು ಕೊಡ್ತಾರೋ ಇಲ್ವೋ, ನಾನೂ ನೋಡೇಬಿಡ್ತೀನಿ."